ಪರಿವೇಷವೂ ಬಿತ್ತನೆಯೂ: ಎತ್ತರದ ಮೋಡಗಳ ಹಿಮದ ಹರಳುಗಳನ್ನು ಲೇಸರ್ ಬೆಳಕಿನಿಂದ ಪರೀಕ್ಷಿಸುವ ವಿಚಾರ

ಸೂರ್ಯನ ಅಥವಾ ಚಂದ್ರನ ಸುತ್ತಲೂ ಒಮ್ಮೊಮ್ಮೆ ದೊಡ್ಡ ಬಳೆಯಂತೆ ಕಾಣಿಸಿಕೊಳ್ಳುವ ಬೆಳಕಿನ ವೃತ್ತಕ್ಕೆ ಪರಿವೇಷವೆಂದು ಹೆಸರು. ಗುಡಿ ಕಟ್ಟಿತೆಂದು ಹೇಳುವುದೂ ರೂಢಿಯಲ್ಲಿದೆ. ಇದು ಕಂಡರೆ ಮಳೆ ಸಮೀಪಿಸಿತೆಂಬ ನಂಬಿಕೆಯು ನಮ್ಮ ದೇಶದಲ್ಲಿ ಬಹು ಪುರಾತನವಾದದ್ದು. ಸುಮಾರು ಸಾವಿರದ ನಾನೂರೈವತ್ತು ವರ್ಷಗಳ ಹಿಂದೆ ಇದ್ದ ವರಾಹಮಿಹಿರಾಚಾರ್ಯರು ತಮ್ಮ ಬೃಹತ್ಸಂಹಿತೆಯಲ್ಲಿ ಪರಿವೇಷದ ಲಕ್ಷಣಗಳಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿರುವರು. ಆಕಾಶದಲ್ಲಿ ತೆಳುವಾದ ಮೋಡವಿರುವಾಗ ಸೂರ್ಯಚಂದ್ರರ ಕಿರಣಗಳಿಂದಲೇ ಈ ವೃತ್ತವು ಉಂಟಾಗುವುದೆಂದು ಅವರು ಕಂಡುಕೊಂಡಿದ್ದುದು ಮೆಚ್ಚತಕ್ಕ ವಿಷಯವೇ ಸರಿ.

ಈ ನಂಬಿಕೆಯು ಬರಿಯ ಮಾತಿಗೆ ಮಾತ್ರ ಸೇರಿದ್ದಾದರೆ ಈ ಪತ್ರಿಕೆಯಲ್ಲಿ ಅದರ ಪ್ರಸ್ತಾಪಕ್ಕೆ ಕಾರಣವಿರಲಿಲ್ಲ. ಆದರೆ ನಾಗಮಂಗಲ ಮತ್ತು ಕೃಷ್ಣರಾಜಪೇಟೆ ತಾಲ್ಲೂಕುಗಳ ಬೆದ್ದಲು ಜಮೀನುಗಳಲ್ಲಿ ಮಳೆಯನ್ನು ನಂಬಿ ಎಳ್ಳು, ರಾಗಿ, ಹುರುಳಿ ಬಿತ್ತುವ ರೈತನಿಗೆ ಬಿತ್ತನೆಯ ದಿನವನ್ನು ಗೊತ್ತುಮಾಡುವುದೇ ವರ್ಷದ ಅತಿ ಕಠಿನವಾದ ತೀರ್ಮಾನ. ಮಂಡ್ಯ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆಯು ಸರಾಸರಿ ಸುಮಾರು 700 ಮಿಲ್ಲಿಮೀಟರು. ಅದರಲ್ಲಿಯೂ ಹೆಚ್ಚಿನ ಪಾಲು ಸೆಪ್ಟೆಂಬರು, ಅಕ್ಟೋಬರು ತಿಂಗಳುಗಳಲ್ಲಿ ಬೀಳುವುದು. ಪುನರ್ವಸು, ಪುಷ್ಯ ಮಳೆಗಳಲ್ಲಿ ಹದ ಕಾಯುತ್ತಿರುವವನು ಚಂದ್ರನ ಸುತ್ತ ಗುಡಿ ಕಟ್ಟಿದ್ದನ್ನು ನೋಡಿ, ಒಣಮಣ್ಣಿನಲ್ಲಿಯೇ ಬೀಜ ಬಿತ್ತಿ, ಮೇಲೆ ಎರಡು ವಾರ ಮಳೆಯಿಲ್ಲದೆ ಹೋದರೆ, ಬೀಜವನ್ನು ಇರುವೆ ಮತ್ತು ಹಕ್ಕಿಗಳ ಪಾಲು ಮಾಡಿದಂತಾಗುವುದು. ಅರೆಬರೆ ತೇವದಲ್ಲಿ ಮೊಳೆತು ಒಣಗಿದರಂತೂ ಬೀಜದ ಬೆಲೆಯ ಜೊತೆಗೆ ಉಳುಮೆಯ ಕೂಲಿಯೂ ವ್ಯರ್ಥವಾಗುವುದು. ಆದಕಾರಣ ಈ ಪರಿವೇಷವು ಯಾವುದರಿಂದ ಉಂಟಾಗುವುದು, ಅದು ನಮಗೆ ಎಷ್ಟು ಮಟ್ಟಿಗೆ ಸಾಕ್ಷಿ ಹೇಳಬಲ್ಲುದು ಎಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಚೆನ್ನಾಗಿ ತಿಳಿದಿರತಕ್ಕದ್ದು.

ಮಳೆ ಸುರಿಸುವ ಕಪ್ಪು ಮೋಡಗಳ ತಳವು ಸಾಮಾನ್ಯವಾಗಿ ನೆಲದಿಂದ ಒಂದೆರಡು ಕಿಲೋಮೀಟರು ಎತ್ತರದಲ್ಲಿಯೇ ಇರುವುದು. ಪರಿವೇಷವನ್ನು ಉಂಟುಮಾಡುವ ಮೋಡವು ಅದಲ್ಲ. ಹಿಂಜಿದ ಹತ್ತಿಯ ಎಳೆಗಳಂತೆ, ಅಥವಾ ಆಕಾಶಕ್ಕೆ ತೆಳುವಾದ ಮಲ್ಲು ಬಟ್ಟೆಯನ್ನು ಹೊದಿಸಿದಂತೆ ಕಾಣುವ ಬಿಳಿಯ ಮೋಡ ಅದು. ಹವಾಶಾಸ್ತ್ರಜ್ಞರು ಇದರ ಜಾತಿಯನ್ನು ಸಿರಸ್ ಎಂದು ಕರೆಯುವರು. ನಮ್ಮ ಅಕ್ಷಾಂಶದಲ್ಲಿ ಇದು ಹತ್ತರಿಂದ ಹದಿನೇಳು ಕಿಲೋಮೀಟರುಗಳ ನಡುವೆ ತೇಲುವುದು. ಹದಿನೈದು ಕಿಲೋಮೀಟರೆಂದರೆ ಒಂಬತ್ತು ಮೈಲಿಗೂ ಮೇಲು. ಅಲ್ಲಿಯ ಶೈತ್ಯವು ಸೊನ್ನೆಗಿಂತ ಎಪ್ಪತ್ತು ಸೆಂಟಿಗ್ರೇಡ್ ಡಿಗ್ರಿಗಳಷ್ಟು ಕೆಳಗಿರುವುದುಂಟು. ಅಂತಹ ಚಳಿಯಲ್ಲಿ ನೀರು ಹನಿಯಾಗಿ ಉಳಿಯಲಾರದು. ಆದ್ದರಿಂದ ಬೇಸಗೆಯಲ್ಲಿ ಕೆಳಗೆ ನೆಲ ಕಾದು ಬಿರಿಯುತ್ತಿರುವಾಗಲೂ ಆ ಮೋಡವು ಪೂರ್ತಿಯಾಗಿ ಹಿಮದ ಹರಳುಗಳಿಂದಲೇ ಆಗಿರುವುದು.

ನೀರಿನ ಅಣುಗಳು ಹೆಪ್ಪುಗಟ್ಟುವಾಗ ಆರು ಮೂಲೆಗಳ ಅಚ್ಚಿನಲ್ಲಿ ಸೇರಿಕೊಳ್ಳುವುವು. ಇದರಿಂದ ಹರಳುಗಳು ಆರು ಮಗ್ಗುಲುಗಳ ಚಿಕ್ಕ ಕಂಬಗಳಾಗಿಯೋ, ಆರು ಮೂಲೆಯ ಚಪ್ಪಟೆ ಬಿಲ್ಲೆಗಳಾಗಿಯೋ ಬೆಳೆಯುವುವು. ಎಲ್ಲವೂ ಹೀಗೆ ಅಂದವಾಗಿರುವುದಿಲ್ಲ. ಹಲವು ಒಂದಕ್ಕೊಂದು ಅಂಟಿಕೊಂಡು ವಕ್ರವಾಗಿಯೂ ಇರುವುವು. ಒಂದೊಂದರ ಅಳತೆಯು ಮಿಲ್ಲಿಮೀಟರಿನ ನೂರರಲ್ಲೊಂದೆರಡು ಭಾಗದಿಂದ ಹತ್ತರಲ್ಲೊಂದೆರಡು ಭಾಗದವರೆಗೆ ಇರುವುದು. ಪಾಂಡವಪುರ, ಮಂಡ್ಯಗಳ ಸಕ್ಕರೆಯನ್ನು ಎಲ್ಲರೂ ನೋಡಿರುವಿರಿ. ಒಂದು ಕಾಳು ಸಕ್ಕರೆಯನ್ನು ಬೆಳಕಿಗೆ ಹಿಡಿದರೆ ಅದು ಗಾಜಿನಂತೆ ತಿಳಿಯಾಗಿರುವುದು. ಅದೇ ಸಕ್ಕರೆಯನ್ನು ರಾಶಿ ಹಾಕಿದರೆ ಬೆಳ್ಳಗೆ ಕಾಣುವುದು. ಕಾಳುಗಳ ಅಸಂಖ್ಯಾತ ಮಗ್ಗುಲುಗಳು ಬೆಳಕನ್ನು ಸ್ವಲ್ಪ ಒಳಗೆ ಬಿಟ್ಟುಕೊಂಡು, ಬಾಗಿಸಿ, ಸ್ವಲ್ಪ ಹಿಂದಕ್ಕೆ ಹೊಡೆದು, ಎಲ್ಲಾ ದಿಕ್ಕಿಗೂ ಚದುರಿಸುವುದೇ ಇದಕ್ಕೆ ಕಾರಣ. ಎತ್ತರದ ಮೋಡವು ಬೆಳ್ಳಗಿರುವುದೂ ಹೀಗೆಯೇ.

ಚದುರಿದ ಬೆಳಕಾದರೂ ಎಲ್ಲಾ ದಿಕ್ಕಿಗೂ ಸಮವಾಗಿ ಹೋಗುವುದಿಲ್ಲ. ಆರು ಮಗ್ಗುಲಿನ ಹರಳಿನ ಒಂದು ಮಗ್ಗುಲಿನಿಂದ ಒಳಹೊಕ್ಕು, ಒಂದನ್ನು ಬಿಟ್ಟು ಮತ್ತೊಂದು ಮಗ್ಗುಲಿನಿಂದ ಹೊರಬರುವ ಕಿರಣವು ಅರುವತ್ತು ಡಿಗ್ರಿಯ ಗಾಜಿನ ಪಟ್ಟಕದಲ್ಲಿ ಹಾಯ್ದಂತೆ ಬಾಗುವುದು. ಹಿಮದಲ್ಲಿ ಈ ಬಾಗುವಿಕೆಯು ಸುಮಾರು ಇಪ್ಪತ್ತೆರಡು ಡಿಗ್ರಿಗಿಂತ ಕಡಮೆಯಾಗಲಾರದು. ಬಹುಪಾಲು ಕಿರಣಗಳು ಆ ಮೇರೆಯ ಹತ್ತಿರವೇ ಗುಂಪುಗೂಡುವುವು. ಆದ್ದರಿಂದ ಚಂದ್ರನಿಂದ ಇಪ್ಪತ್ತೆರಡು ಡಿಗ್ರಿ ದೂರದಲ್ಲಿ ಸುತ್ತಲೂ ಬೆಳಕಿನ ಬಳೆ ಕಾಣುವುದು. ಅದರ ಒಳಭಾಗದ ಆಕಾಶವು ಕೊಂಚ ಕಪ್ಪಾಗಿರುವುದು. ತೋಳನ್ನು ಪೂರಾ ನೀಡಿ, ಬೆರಳುಗಳನ್ನು ಅಗಲಿಸಿ, ಹೆಬ್ಬೆರಳನ್ನು ಚಂದ್ರನ ಮೇಲಿಟ್ಟರೆ ಕಿರುಬೆರಳಿನ ತುದಿಯು ಹೆಚ್ಚುಕಡಮೆ ಈ ಬಳೆಯ ಮೇಲೆ ಬರುವುದು. ಯಾರು ಬೇಕಾದರೂ ಇದನ್ನು ಪರೀಕ್ಷೆ ಮಾಡಿ ನೋಡಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಚಂದ್ರನಿಗೆ ತೀರ ಸಮೀಪದಲ್ಲಿ, ಒಂದೆರಡು ಬೆರಳು ಅಗಲದೊಳಗೆ ಕಾಣುವ ಚಿಕ್ಕ ಬಣ್ಣದ ಉಂಗುರವು ಬೇರೆ. ಅದು ಹಿಮದ್ದಲ್ಲ, ಸಾಮಾನ್ಯವಾಗಿ ಸಣ್ಣ ನೀರಿನ ಹನಿಗಳ ಮೋಡದಿಂದ ಆದದ್ದು. ಗುರುತು ಸುಲಭ. ಚಿಕ್ಕ ಉಂಗುರದಲ್ಲಿ ಕೆಂಪು ಹೊರ ಅಂಚಿನಲ್ಲಿರುವುದು. ದೊಡ್ಡ ಪರಿವೇಷದಲ್ಲಿ ಕೆಂಪು ಒಳ ಅಂಚಿನಲ್ಲಿರುವುದು. ಹಳ್ಳಿಗಳಲ್ಲಿ ಈ ಎರಡನ್ನೂ ಒಂದೇ ಎಂದು ಎಣಿಸಿ, ಒಬ್ಬರು ಗುಡಿ ಕಂಡಮೇಲೆ ಮಳೆ ಬಂತೆಂದೂ ಮತ್ತೊಬ್ಬರು ಬರಲಿಲ್ಲವೆಂದೂ ವಾದಿಸುವುದನ್ನು ನಾನು ಅನೇಕಾವರ್ತಿ ಕೇಳಿದ್ದೇನೆ. ಇಬ್ಬರೂ ನೋಡಿದ ವಸ್ತುವೇ ಬೇರೆ ಬೇರೆಯಾಗಿದ್ದಲ್ಲಿ ವಾದವು ಎಂದಿಗೂ ತೀರದು.

ಇಷ್ಟು ಎತ್ತರದಲ್ಲಿರುವ ಮೋಡವು ಹಿಮದ್ದೇ ಎಂದು, ಅದರ ಎತ್ತರ ಇಷ್ಟೇ ಎಂದು ತಿಳಿದುದಾದರೂ ಹೇಗೆ ಎಂಬ ಪ್ರಶ್ನೆ ಸಹಜ. ವಿಮಾನಗಳು ಕೆಲವು ಸಾರಿ ಅದರೊಳಗೆ ಹೊಕ್ಕು ನೋಡಿವೆ. ಆದರೆ ದಿನದಿನವೂ ಲೆಕ್ಕವಿಡಲು ಸಾಧ್ಯವಾದದ್ದು ಲೇಸರ್ ಬೆಳಕಿನಿಂದ. ಲೇಸರನ್ನು 1960ರಲ್ಲಿ ಮೊದಲು ನಿರ್ಮಿಸಿದರು. ಮೂರು ವರ್ಷಗಳೊಳಗಾಗಿ ಅದನ್ನು ಆಕಾಶದ ಪರೀಕ್ಷೆಗೆ ಉಪಯೋಗಿಸತೊಡಗಿದರು. ನಮಗೆ ಸಮೀಪವಾದ ಉದಾಹರಣೆಯು ತಿರುಪತಿಯ ಬಳಿ ಗಾದಂಕಿ ಗ್ರಾಮದಲ್ಲಿರುವ ರಾಷ್ಟ್ರೀಯ ವಾಯುಮಂಡಲ ಸಂಶೋಧನಾಲಯ. ಜಪಾನು ದೇಶದ ವಿಜ್ಞಾನಿಗಳ ಸಹಕಾರದಿಂದ 1998ರಲ್ಲಿ ಅಲ್ಲಿ ಲೈಡಾರ್ ಎಂಬ ಯಂತ್ರವನ್ನು ಸ್ಥಾಪಿಸಲಾಯಿತು. ಗಾದಂಕಿಯ ಅಕ್ಷಾಂಶವು ಹದಿಮೂರೂವರೆ ಡಿಗ್ರಿ. ನಾಗಮಂಗಲದ್ದು ಹನ್ನೆರಡು ಮುಕ್ಕಾಲಿಗೂ ಕೊಂಚ ಮೇಲೆ. ಆದ್ದರಿಂದ ಅಲ್ಲಿಯ ಮೇಲಾಕಾಶದ ಸಮಾಚಾರವು ನಮಗೂ ಬಹುಮಟ್ಟಿಗೆ ಅನ್ವಯಿಸುವುದು.

ಯಂತ್ರದ ಕ್ರಮ ಹೀಗೆ. ಬೆಟ್ಟದ ಎದುರು ನಿಂತು ಕೂಗಿದರೆ ಮಾರ್ದನಿ ಬರುವುದು. ಎರಡು ಸೆಕೆಂಡುಗಳಲ್ಲಿ ಬಂದರೆ ಬೆಟ್ಟವು ಸುಮಾರು 340 ಮೀಟರು ದೂರವಿದೆಯೆಂದು ಲೆಕ್ಕ. ಇಲ್ಲಿ ಕೂಗಿಗೆ ಬದಲಾಗಿ ಹಸಿರು ಬಣ್ಣದ ಲೇಸರ್ ಬೆಳಕನ್ನು ಸೆಕೆಂಡಿಗೆ ಹತ್ತಾರು ಸಲ, ಕ್ಷಣಕ್ಕಿಂತಲೂ ಕಿರಿದಾದ ತುಂಡುಗಳಾಗಿ ಮೇಲಕ್ಕೆ ಬಿಡುವರು. ಮೋಡದ ಹರಳುಗಳಿಂದ ಚದುರಿದ ಬೆಳಕಿನಲ್ಲಿ ಒಂದು ಅತ್ಯಲ್ಪ ಪಾಲು ನೇರವಾಗಿ ಕೆಳಕ್ಕೆ ಹಿಂದಿರುಗುವುದು. ಅದನ್ನು ದೂರದರ್ಶಕದಿಂದ ಹಿಡಿದು ಎಣಿಸುವರು. ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಓಡುವುದಾದ್ದರಿಂದ, ಹದಿನೈದು ಕಿಲೋಮೀಟರು ಎತ್ತರಕ್ಕೆ ಹೋಗಿ ಬರಲು ಅದಕ್ಕೆ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗ ಸಾಕು. ಆ ಕಾಲವನ್ನು ಅಳೆದರೆ ಮೋಡದ ತಳ, ತಲೆ ಎರಡರ ಎತ್ತರವೂ ತಿಳಿಯುವುದು. ಬರುವ ಬೆಳಕು ಬಹು ಕ್ಷೀಣವಾದ್ದರಿಂದ ಈ ಕೆಲಸವನ್ನು ಸಾಮಾನ್ಯವಾಗಿ ರಾತ್ರಿಯಲ್ಲಿಯೇ ನಡೆಸುವರು. (ಜಾತ್ರೆಗಳಲ್ಲಿ ಮಾರುವ ಆಟದ ಲೇಸರುಗಳೂ ಈ ಜಾತಿಯವೇ. ಮಕ್ಕಳು ಅವನ್ನು ಒಬ್ಬರ ಕಣ್ಣಿಗೊಬ್ಬರು ಬಿಡುವುದನ್ನು ಹಿರಿಯರು ತಡೆಯಬೇಕು, ದೃಷ್ಟಿಗೆ ಕೆಡಕು.)

ಎತ್ತರ ತಿಳಿಯಿತು, ಆದರೆ ಅದು ಹನಿಯೋ ಹರಳೋ? ಇದನ್ನು ಕಂಡುಹಿಡಿಯುವ ಉಪಾಯವು ಬಹಳ ಸೊಗಸಾದದ್ದು. ಒಂದು ಹಗ್ಗವನ್ನು ಗೂಟಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿದರೆ ಅಲೆಯು ಮೇಲುಕೆಳಗಾಗಿಯೇ ಓಡುವುದು. ಎಡಬಲಕ್ಕೆ ಅಲ್ಲಾಡಿಸಿದರೆ ಎಡಬಲವಾಗಿ ಓಡುವುದು. ಬೆಳಕೂ ಅಲೆಯೇ. ದೀಪದ ಬೆಳಕಿನಲ್ಲಿ ಈ ಎಲ್ಲಾ ಬಗೆಯ ಅಲುಗಾಟಗಳೂ ಬೆರೆತಿರುವುವು. ಯಂತ್ರದಿಂದ ಬಿಡುವ ಲೇಸರಿನಲ್ಲಿ ಒಂದೇ ಬಗೆಯಿರುವುದು. ಕೆಸುವಿನ ಎಲೆಯ ಮೇಲಿನ ನೀರಹನಿಯಂತೆ ದುಂಡಾದ ವಸ್ತುವಿಗೆ ಈ ಬೆಳಕು ಬಡಿದು ನೇರವಾಗಿ ಹಿಂದಿರುಗಿದರೆ ಅಲುಗಾಟದ ದಿಕ್ಕು ಬದಲಾಗುವುದಿಲ್ಲ, ಏಕೆಂದರೆ ಗುಂಡು ಎಲ್ಲಾ ಕಡೆಯಿಂದಲೂ ಒಂದೇ ಸಮ. ಆರು ಮಗ್ಗುಲಿನ ಹರಳಿನೊಳಗೆ ಹೊಕ್ಕ ಬೆಳಕಾದರೋ ಓರೆಯಾದ ಗೋಡೆಗಳಿಗೆ ಎರಡು ಮೂರು ಸಲ ತಗಲಿ, ಪ್ರತಿಯೊಂದು ತಿರುವಿನಲ್ಲಿಯೂ ಅಲುಗಾಟದ ದಿಕ್ಕನ್ನು ತಿರುಚಿಕೊಂಡು ಬರುವುದು. ದೂರದರ್ಶಕದ ಹಿಂದೆ ಎರಡು ಕಿಂಡಿಗಳನ್ನಿಟ್ಟು, ಒಂದರಲ್ಲಿ ಮೂಲ ದಿಕ್ಕಿನ ಬೆಳಕನ್ನೂ ಇನ್ನೊಂದರಲ್ಲಿ ಅದಕ್ಕೆ ಅಡ್ಡವಾದ ಬೆಳಕನ್ನೂ ಪ್ರತ್ಯೇಕವಾಗಿ ಅಳೆಯುವರು. ತೆಳುವಾದ ನೀರಿನ ಮೋಡದಲ್ಲಿ ಅಡ್ಡ ಬೆಳಕು ಇಲ್ಲವೆನ್ನುವಷ್ಟು ಅಲ್ಪ; ಹಿಮದ ಮೋಡದಲ್ಲಿ ಅದು ಮೂಲ ದಿಕ್ಕಿನದರ ಮೂರರಲ್ಲೊಂದು ಪಾಲಿನಷ್ಟೋ ಇನ್ನೂ ಹೆಚ್ಚಾಗಿಯೋ ಇರುವುದು. ಒಂಬತ್ತು ಮೈಲಿ ಮೇಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಕಣದ ಆಕಾರವನ್ನು ನೆಲದ ಮೇಲೆ ಕುಳಿತು ಹೇಳುವುದೆಂದರೆ ಇದೇ.

ಇದರಲ್ಲಿಯೂ ಒಂದು ತೊಡಕಿದೆ. ಬಾವಿಗೆ ಹಾಕಿದ ಬಿಲ್ಲೆಯು ಚಪ್ಪಟೆಯಾಗಿಯೇ ಓಲಾಡುತ್ತ ಇಳಿಯುವಂತೆ, ಚಪ್ಪಟೆ ಹರಳುಗಳು ಗಾಳಿಯಲ್ಲಿ ಮಟ್ಟಸವಾಗಿ ಇಳಿಯುವುದುಂಟು. ನೆಟ್ಟಗೆ ಮೇಲಕ್ಕೆ ಬಿಟ್ಟ ಲೇಸರು ಅಂತಹ ಹರಳುಗಳಿಗೆ ಕನ್ನಡಿಗೆ ಬಡಿದಂತೆ ಬಡಿದು, ದಿಕ್ಕು ತಿರುಚಿಕೊಳ್ಳದೆ, ಬಲವಾಗಿ ಹಿಂದಿರುಗುವುದು. ಆಗ ಹಿಮವೂ ನೀರಿನಂತೆ ತೋರುವುದು. 2006ರಲ್ಲಿ ಹಾರಿಸಿದ ಕ್ಯಾಲಿಪ್ಸೋ ಎಂಬ ಉಪಗ್ರಹವು ಆಕಾಶದಿಂದ ಕೆಳಕ್ಕೆ ಲೇಸರ್ ಬಿಟ್ಟು ಭೂಮಂಡಲದ ಮೋಡಗಳನ್ನೆಲ್ಲ 2023ರವರೆಗೆ ಅಳೆಯಿತು. ಈ ಕನ್ನಡಿಯ ತೊಡಕಿನ ದೆಸೆಯಿಂದಲೇ 2007ರ ನವೆಂಬರಿನಲ್ಲಿ ಅದರ ಲೇಸರನ್ನು ಮೂರು ಡಿಗ್ರಿ ಓರೆ ಮಾಡಬೇಕಾಯಿತು. ಸಾಯಂಕಾಲ ಸೂರ್ಯನ ಎಡಬಲಗಳಲ್ಲಿ, ಅದೇ ಇಪ್ಪತ್ತೆರಡು ಡಿಗ್ರಿಯಾಚೆ, ಎರಡು ಮರಿಸೂರ್ಯರಂತೆ ಬೆಳಕಿನ ಮಚ್ಚೆಗಳು ಕಾಣುವುದೂ ಮಟ್ಟಸವಾಗಿ ತೇಲುವ ಈ ಬಿಲ್ಲೆಗಳಿಂದಲೇ. ಅದನ್ನು ಕಂಡು ಯಾರೂ ಹೆದರಬೇಕಾದ್ದಿಲ್ಲ.

ಈಗ ರೈತನಿಗೆ ಬೇಕಾದ ಲೆಕ್ಕಕ್ಕೆ ಬರೋಣ. ಪರಿವೇಷ ಕಟ್ಟುವ ಮೋಡದಲ್ಲಿ ನೀರು ಎಷ್ಟಿದೆ? ಅಂತಹ ತೆಳುಮೋಡದ ಹಿಮವನ್ನೆಲ್ಲ ಕರಗಿಸಿ ನೆಲದ ಮೇಲೆ ಹರಡಿದರೂ ಅದು ಮಿಲ್ಲಿಮೀಟರಿನ ಹತ್ತರಲ್ಲೊಂದು ಭಾಗದಷ್ಟು ಆಗಲಾರದು. ಎಂದರೆ ಎಕರೆಗೆ ನಾನೂರು ಲೀಟರಿಗಿಂತ ಕಡಮೆ; ಎರಡು ದೊಡ್ಡ ಪೀಪಾಯಿ ನೀರು. ಒಂದು ಅಂಗುಲದ ಹದಮಳೆಯಲ್ಲಾದರೋ ಎಕರೆಗೆ ಒಂದು ಲಕ್ಷ ಲೀಟರಿಗೂ ಮೇಲೆ ನೀರು ಬೀಳುವುದು. ಆ ಎರಡು ಪೀಪಾಯಿಯಾದರೂ ನಮಗೆ ದಕ್ಕುವುದಿಲ್ಲ. ಹರಳುಗಳು ಸೆಕೆಂಡಿಗೆ ಅರ್ಧ ಮೀಟರಿನಂತೆ ಇಳಿದರೂ ನೆಲ ಮುಟ್ಟಲು ಎಂಟು ಗಂಟೆ ಹಿಡಿಯುವುದು. ಅಷ್ಟರೊಳಗೆ ಕೆಳಗಿನ ಒಣಗಾಳಿಯಲ್ಲಿ ಅವು ಆವಿಯಾಗಿ ಹೋಗುವುವು. ಹಿಂಜಿದ ಎಳೆಗಳ ಬಾಲವು ನಡುವೆಯೇ ಮಾಯವಾಗಿರುವುದು ಇದರ ಗುರುತು.

ಮಳೆಯ ಮೋಡವು ಇದರ ಹಿಂದೆಯೇ ಬರಬಾರದೇಕೆ ಎಂದು ಕೇಳಬಹುದು. ಶೀತದೇಶಗಳಲ್ಲಿ ಅದು ನಿಜವೇ. ಅಲ್ಲಿ ಬೆಚ್ಚನೆಯ ಗಾಳಿಯ ರಾಶಿಯು ತಣ್ಣನೆಯದರ ಮೇಲೆ ಏರುತ್ತ ಬರುವಾಗ ಮೊದಲು ಹಿಮಮೋಡವು ಕಂಡು, ಒಂದೆರಡು ದಿನಗಳಲ್ಲಿ ಮಳೆಯೂ ಬರುವುದು. ಅಲ್ಲಿಯ ಪುಸ್ತಕಗಳು ಪರಿವೇಷವನ್ನು ಮಳೆಯ ಮುನ್ಸೂಚನೆಯೆಂದು ಹೇಳುವುದು ಆ ಕಾರಣದಿಂದ. ನಮ್ಮ ಮುಂಗಾರಿನ ರೀತಿ ಬೇರೆ. ಕೃಷ್ಣರಾಜಸಾಗರವನ್ನು ತುಂಬುವ ಮಳೆಯು ಅರಬ್ಬೀ ಸಮುದ್ರದಿಂದ ಬರುವ ಕೆಳಗಾಳಿಯಿಂದ ಕೊಡಗು ಮತ್ತು ಹಾಸನದ ಮಲೆನಾಡಿನ ಕಡೆ ಸುರಿಯುವುದು. ಅದು ಪಶ್ಚಿಮದಿಂದ ಪೂರ್ವಕ್ಕೆ ಚಲಿಸುವ ಗಾಳಿ. ಅದೇ ತಿಂಗಳುಗಳಲ್ಲಿ ಹದಿನಾಲ್ಕರಿಂದ ಹದಿನಾರು ಕಿಲೋಮೀಟರು ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಮತ್ತೊಂದು ಗಾಳಿ ಬೀಸುತ್ತಿರುವುದು. ಇದನ್ನು 1950ರ ದಶಕದಲ್ಲಿ ವಿವರಿಸಿದವರು ಭಾರತದ ಹವಾಶಾಸ್ತ್ರಜ್ಞರಾದ ಪಿ. ಕೋಟೇಶ್ವರಂ ಅವರು. ಬಂಗಾಳ ಕೊಲ್ಲಿಯ ಮೇಲೆ ಎದ್ದ ಗುಡುಗಿನ ಮೋಡಗಳ ನೆತ್ತಿಯು ಈ ಗಾಳಿಗೆ ಸಿಕ್ಕಿ, ಹಿಮದ ತೆರೆಯಾಗಿ ಹರಡಿ, ನಮ್ಮ ತಲೆಯ ಮೇಲೆ ಹಾದುಹೋಗುವುದು. ಹತ್ತು ಗಂಟೆಗಳಲ್ಲಿ ಅದು ಸಾವಿರ ಕಿಲೋಮೀಟರು ಬರಬಲ್ಲುದು. ಆಷಾಢದ ರಾತ್ರಿ ಪಾಂಡವಪುರದಲ್ಲಿ ಕಂಡ ಪರಿವೇಷವು ಎಷ್ಟೋ ವೇಳೆ ಬೇರೊಂದು ಸೀಮೆಯಲ್ಲಿ ಆಗಲೇ ಸುರಿದು ಮುಗಿದ ಮಳೆಯ ಹೊಟ್ಟು. ಕಾಳು ಅಲ್ಲಿಯೇ ಉಳಿದಿರುವುದು. ಕೆಳಗಿನ ಕಪ್ಪುಮೋಡವೂ ಮೇಲಿನ ಬಿಳಿಮೋಡವೂ ಒಂದಕ್ಕೊಂದು ಎದುರಾಗಿ ಸಾಗುವುದನ್ನು ಜುಲೈ ತಿಂಗಳಲ್ಲಿ ಯಾರಾದರೂ ಹೊಲದಲ್ಲಿ ನಿಂತು ನೋಡಬಹುದು.

2021ರ ಮೇ 24ರಂದು, ಕೃತ್ತಿಕೆ ಮುಗಿದು ರೋಹಿಣಿ ಹುಟ್ಟುವ ಸಮಯದಲ್ಲಿ, ಬೆಂಗಳೂರಿನಲ್ಲಿ ಮಧ್ಯಾಹ್ನಕ್ಕೆ ಮುಂಚೆ ಸೂರ್ಯನ ಸುತ್ತ ಪೂರ್ಣವಾದ ಪರಿವೇಷವು ಕಂಡು ಸಾವಿರಾರು ಜನ ಅದರ ಚಿತ್ರ ತೆಗೆದರು. ಅದೇ ದಿನ ಬಂಗಾಳ ಕೊಲ್ಲಿಯಲ್ಲಿ ಯಾಸ್ ಎಂಬ ಚಂಡಮಾರುತವು ಬಲಗೊಳ್ಳುತ್ತಿತ್ತು. ಅದು ದಡ ಹತ್ತಿ ಅನಾಹುತ ಮಾಡಿದ್ದು ಮೇ 26ರಂದು, ಒಡಿಶಾ ಪ್ರಾಂತದಲ್ಲಿ.

ಹಿಮಮೋಡವು ತಲೆಯ ಮೇಲಿದ್ದೂ ಮಳೆ ಬರದಿದ್ದರೆ ವಿಮಾನದಿಂದ ಔಷಧಿ ಸಿಂಪಡಿಸಿ ಇಳಿಸಿಕೊಡಬಾರದೇ ಎಂದು ಕೆಲವು ಜಮೀನುದಾರರು ವಿಚಾರಿಸುವರು. ನಮ್ಮ ಸರ್ಕಾರವು 2003ರಲ್ಲಿ ವರುಣ ಎಂಬ ಹೆಸರಿನಿಂದಲೂ, 2017ರಲ್ಲಿ ವರ್ಷಧಾರೆ ಎಂಬ ಹೆಸರಿನಿಂದಲೂ ಮೋಡ ಬಿತ್ತನೆಯನ್ನು ನಡೆಸಿದ್ದುಂಟು. ಆ ಕ್ರಮದಲ್ಲಿ ಸಿಂಪಡಿಸುವ ಬೆಳ್ಳಿಯ ಅಯೊಡೈಡ್ ಎಂಬ ವಸ್ತುವು, ಸೊನ್ನೆಗಿಂತ ತಣ್ಣಗಾಗಿಯೂ ಇನ್ನೂ ಹೆಪ್ಪುಗಟ್ಟದೆ ನೀರಾಗಿಯೇ ಉಳಿದಿರುವ ಹನಿಗಳಲ್ಲಿ ಹರಳು ಹುಟ್ಟಿಸುವುದಕ್ಕಾಗಿ. ಆಗಲೇ ಪೂರಾ ಹರಳಾಗಿರುವ ಮೋಡಕ್ಕೆ ಅದನ್ನು ಹಾಕುವುದೆಂದರೆ ಹೆಪ್ಪುಗಟ್ಟಿದ ಮೊಸರಿಗೆ ಮತ್ತೆ ಹೆಪ್ಪು ಹಾಕಿದಂತೆ. ಬಿತ್ತನೆಗೆ ದಪ್ಪವಾದ, ನೀರು ತುಂಬಿದ ಮೋಡವೇ ಬೇಕು. ಪರಿವೇಷದ ಮೋಡಕ್ಕಾಗಿ ಅರ್ಜಿ ಬರೆಯುವುದರಿಂದ ಪ್ರಯೋಜನವಿಲ್ಲ.

ಹಾಗಾದರೆ ಪರಿವೇಷವನ್ನು ಲಕ್ಷಿಸಲೇಬೇಡವೆಂದು ನನ್ನ ಅಭಿಪ್ರಾಯವಲ್ಲ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಕೊಲ್ಲಿಯ ಚಂಡಮಾರುತಗಳು ತಮಿಳುನಾಡಿನ ಕಡೆಯಿಂದ ನಮ್ಮತ್ತ ಬರುವ ಕಾಲದಲ್ಲಿ, ಅದಕ್ಕೆ ಸ್ವಲ್ಪ ಬೆಲೆಯುಂಟು. ಆಗಲೂ ನೋಡತಕ್ಕದ್ದು ಬಳೆಯನ್ನಲ್ಲ, ಬಳೆ ಅಳಿಸಿಹೋಗುವ ರೀತಿಯನ್ನು. ಹಿಮದ ತೆರೆಯು ಹರಿದು ಆಕಾಶವು ನಿರ್ಮಲವಾದರೆ ವಿಷಯ ಮುಗಿಯಿತು. ಹಾಗಲ್ಲದೆ ತೆರೆಯು ದಪ್ಪವಾಗುತ್ತ, ಬಳೆ ಮಾಯವಾಗಿ, ಸೂರ್ಯನು ಮಸುಕಾದ ಗಾಜಿನ ಹಿಂದೆ ಇಟ್ಟ ದೀಪದಂತೆ ಕಂಡು, ನೆಲದ ಮೇಲೆ ನೆರಳು ಬೀಳದಂತಾದರೆ, ಮೋಡವು ಕೆಳಗಿಳಿಯುತ್ತಿದೆಯೆಂದು ತಿಳಿದು ಅಂದೇ ಎಚ್ಚರಿಕೆ ವಹಿಸಬೇಕು. 2024ರ ನವೆಂಬರು 30ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತವು ಮರುದಿನಗಳಲ್ಲಿ ನಮ್ಮ ದಕ್ಷಿಣದ ಒಳನಾಡಿನಲ್ಲಿಯೂ ಕುಯಿಲಿನ ಕಾಲಕ್ಕೆ ಮಳೆ ತಂದದ್ದು ಓದುಗರ ನೆನಪಿನಲ್ಲಿರಬಹುದು. ರಾಗಿಯ ತೆನೆ ಹೊಲದಲ್ಲಿ ಅರಿಯಾಗಿ ಬಿದ್ದಿರುವಾಗಲೂ, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಭತ್ತ ಕಣಕ್ಕೆ ಬಂದಿರುವಾಗಲೂ ಒಂದು ದಿನದ ಮುನ್ನೆಚ್ಚರಿಕೆಯು ಒಂದು ವರ್ಷದ ಅನ್ನವನ್ನು ಉಳಿಸಬಲ್ಲುದು. ಅಂತಹ ದಿನ ಹೊಸದಾಗಿ ಕುಯಿಲು ಹಿಡಿಯಬಾರದು. ಕುಯ್ದದ್ದನ್ನು ಎತ್ತರದ ಜಾಗದಲ್ಲಿ ಮೆದೆ ಹಾಕಿ ತಲೆಯನ್ನು ಹುಲ್ಲಿನಿಂದಲೋ ಟಾರ್ಪಾಲಿನಿಂದಲೋ ಮುಚ್ಚಬೇಕು.

ಬಿತ್ತನೆಗೆ ಮಾತ್ರ ಆಕಾಶಕ್ಕಿಂತ ನೆಲವನ್ನು ನೋಡುವುದೇ ಸರಿಯಾದ ಕ್ರಮ. ಹೊಲದ ಮೂರು ನಾಲ್ಕು ಕಡೆ ಗೇಣುದ್ದ ಅಗೆದು, ತಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಅದು ಉಂಡೆಯಾಗಿ ನಿಲ್ಲಬೇಕು. ಮೇಲಿನ ಎರಡು ಅಂಗುಲ ಮಾತ್ರ ತೊಯ್ದು ಕೆಳಗೆ ಒಣಗಿದ್ದರೆ ಇನ್ನೊಂದು ಮಳೆಗೆ ಕಾಯುವುದೇ ಲಾಭ. ರಾಗಿಯನ್ನು ಕೂರಿಗೆಯಲ್ಲಿ ಸಾಲು ಬಿತ್ತುವವರಿಗೆ ಎಕರೆಗೆ ಸುಮಾರು ನಾಲ್ಕು ಕಿಲೋಗ್ರಾಂ ಬೀಜ ಸಾಕು. ಕೈಯಲ್ಲಿ ಚೆಲ್ಲುವವರಿಗೆ ಹೆಚ್ಚು ಬೇಕು, ಕೆಟ್ಟರೆ ನಷ್ಟವೂ ಹೆಚ್ಚು. ಮಳೆಯ ಪ್ರಮಾಣವನ್ನು ತಿಳಿಯಲು ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳನ್ನು ಇಟ್ಟಿರುವರು. ಅದರ ಲೆಕ್ಕವನ್ನು ಪಂಚಾಯಿತಿಯ ಹಲಗೆಯ ಮೇಲೆ ದಿನವಹಿ ಬರೆಯಿಸುವ ಏರ್ಪಾಡನ್ನು ಮುಖಂಡರು ಮಾಡಬೇಕು. ಮಳೆಯ ದಿನವನ್ನು ಎಣಿಸುವುದು ಬೆಳಿಗ್ಗೆ 8-30 ಗಂಟೆಯಿಂದ ಮರುದಿನ 8-30 ಗಂಟೆಯವರೆಗೆ. ಸಂಜೆ ಬಿದ್ದ ಮಳೆಯು ಮರುದಿನದ ಲೆಕ್ಕದಲ್ಲಿ ಬರುವುದರಿಂದ ಬರೆಯುವವರು ತಾರೀಖನ್ನು ಸರಿಯಾಗಿ ನೋಡಿಕೊಳ್ಳತಕ್ಕದ್ದು.